ಬೀಗರಿಗೆ ಸೋಲಲು ಹೋದ ಮುನಾಫ

ತಿಕೋಟಾದ ಬಸ್ ನಿಲ್ದಾಣದ ಎದುರು ಮುನಾಫನ ಟೇಲರಿಂಗ್ ಅಂಗಡಿ ಇದೆ. ಅಲ್ಲಿ ಹೊಲಿಯಲು ಕೊಟ್ಟ ಬಟ್ಟೆ ಹಬ್ಬಕ್ಕೆ ಖಂಡಿತ ಸಿಗುತ್ತದೆ. ಯಾವ ಹಬ್ಬಕ್ಕೆ ಎಂದು ಮಾತ್ರ ಕೇಳಬಾರದು. ಮುನಾಫ ಸೋಮಾರಿಯಲ್ಲ. ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಸದಾ ಹಾಸಿಕೊಂಡಿರುವ ಚೆಸ್ ಹಲಗೆ ಇದಕ್ಕೆ ಕಾರಣ, ಎದುರಿನ ಹಿಟ್ಟಿನ ಗಿರಣಿಯ ಈರಯ್ಯ ಅದಕ್ಕಿಂತ ದೊಡ್ಡ ಕಾರಣ. ಕರೆಂಟ್ ಹೋದೊಡನೆ ಈರಯ್ಯ ಗಿರಣಿಯಿಂದ ಬಂದು ಹಲಗೆಯ ಮುಂದೆ ಕೂರುತ್ತಾನೆ, ಕರೆಂಟ್ ಬಂದೊಡನೆ ಎದ್ದು ಹೋಗುತ್ತಾನೆ. ಹೀಗಾಗಿ ಇವರಿಬ್ಬರ ಒಂದು ಆಟವಾದರೂ ಪೂರ್ತಿ ಮುಗಿದದ್ದನ್ನು ಬಜಾರಿನಲ್ಲಿ ಯಾರೂ ಕಂಡಿಲ್ಲ. ಸೋಲದವನು ಗೆದ್ದಂತೆಯೇ ಎಂಬ ಲೆಕ್ಕದಲ್ಲಿ ಇಬ್ಬರೂ ತಮ್ಮನ್ನು ತಿಕೋಟಾದ ಚಾಂಪಿಯನ್ ಎಂದು ತಿಳಿದು ಸುಖವಾಗಿದ್ದರು. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಬಬಲೇಶ್ವರದಿಂದ ಬಂತು. ಮುನಾಫನ ಮಗಳು ತಬಸ್ಸುಮಳನ್ನು ನೋಡಲು ಬುಡ್ಡೇಸಾಬ ಮಾಸ್ತರರು ಹೆಂಡತಿ ಶಾಹೀನ ಮತ್ತು ಮಗ ಜಹೀರನನ್ನು ಕರೆದುಕೊಂಡು ಬಂದರು. ಜೈನಾಪುರದ ಸಾಲೆಯಲ್ಲಿ ಹೆಡ್ ಮಾಸ್ತರರಾಗಿ ನಿವೃತ್ತರಾದವರು. ಅವರು ಮಾತಾಡುವಾಗ ಫ್ಯಾನ್ ಕೂಡ ಸದ್ದು ಮಾಡದೆ ತಿರುಗುತ್ತಿತ್ತು ಎಂದು ಅವರ ಶಿಷ್ಯರು ಹೇಳುತ್ತಾರೆ. ಜಹೀರನದು ಬಬಲೇಶ್ವರದಲ್ಲಿ ಔಷಧಿ ಅಂಗಡಿ. ಹುಡುಗ ಮಿತಭಾಷಿ, ಏಕೆಂದರೆ ಅವರ ಮನೆಯಲ್ಲಿ ಮಾತಿನ ಖಾತೆಯೆಲ್ಲ ಅಪ್ಪನ ಕೈಯಲ್ಲಿತ್ತು. ಆದರೂ ಚಹಾದ ಕಪ್ಪು ಕೊಡುವ ತೆಗೆದುಕೊಳ್ಳುವ ಗಳಿಗೆಯಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿಬಿಟ್ಟರು. ಈ ಮನೆಯಾದರೆ ಆಗಲಿ, ಇಲ್ಲದಿದ್ದರೆ ಸದ್ಯಕ್ಕೆ ಇನ್ನಾರನ್ನೂ ಕರೆತರುವುದು ಬೇಡ ಎಂದು ತಬಸ್ಸುಮ ಒಳಗೆ ಹೋಗಿ ತಾಯಿ ಸಕೀನಾಳಿಗೆ ಹೇಳಿಯೂ ಆಯಿತು. ಇನ್ನು ಬಾಕಿ ಇದ್ದದ್ದು ಬುಡ್ಡೇಸಾಬರ ಒಂದು ಹೂಂ ಮಾತ್ರ.

ಆ ಹೂಂ ಅವರ ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಹೊರಡಲು ಎದ್ದವರು ಮನೆಯ ಮುಂಭಾಗದ ಅಂಗಡಿಯಲ್ಲಿದ್ದ ಚೆಸ್ ಹಲಗೆಯನ್ನು ಕಂಡರು. ಇದೇನು, ಬೀಗರಿಗೂ ಈ ಹವ್ಯಾಸ ಉಂಟೋ ಎಂದು ಕೇಳಿದರು. ಸ್ವಲ್ಪ ಬರುತ್ತದೆ ಎಂದಿದ್ದರೆ ಮುನಾಫನ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ನನಗೂ ಹೇಳಲು ಏನೂ ಇರುತ್ತಿರಲಿಲ್ಲ. ಆದರೆ ಹೆಣ್ಣಿನ ತಂದೆಗೆ ಅಂದು ಬೆಳಗಿನಿಂದ ಹೌದ್ರಿ, ಆತ್ರಿ ಎಂದು ಹೇಳಿ ಹೇಳಿ ಬೆನ್ನು ಬಾಗಿಹೋಗಿತ್ತು. ಒಮ್ಮೆಯಾದರೂ ನೆಟ್ಟಗೆ ನಿಲ್ಲಬೇಕೆನ್ನಿಸಿತು.

"ತಿಕೋಟಾದಾಗ ನನಗ ಜೋಡಿ ಇಲ್ರಿ," ಎಂದುಬಿಟ್ಟ.

ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದ ಈರಯ್ಯನಿಗೆ ಕೆಮ್ಮು ಹತ್ತಿತು. ಬುಡ್ಡೇಸಾಬರ ಕಣ್ಣು ಮಾತ್ರ ಹೊಳೆಯಿತು. ತಮ್ಮನ್ನೂ ಬಬಲೇಶ್ವರದಲ್ಲಿ ಈವರೆಗೆ ಯಾರೂ ಸೋಲಿಸಿಲ್ಲ ಎಂದರು. ಅದು ನಿಜವೇ ಆಗಿತ್ತು. ಮೊದಲು ಅವರ ಎದುರು ಕೂತವರು ಅವರ ವಿದ್ಯಾರ್ಥಿಗಳು, ಆಮೇಲೆ ಅವರ ಕೈಕೆಳಗಿನ ಮಾಸ್ತರರು, ಈಗ ಸ್ವಂತ ಮಗ. ವಿಜಯಪುರದಲ್ಲಿ ಬರುವ ರವಿವಾರ ಚೆಸ್ ಪಂದ್ಯಾವಳಿ ಇದೆ, ಇಬ್ಬರ ಹೆಸರನ್ನೂ ನಾನೇ ಹಚ್ಚುತ್ತೇನೆ, ಸಂಬಂಧದ ಮಾತನ್ನೂ ಅಲ್ಲಿಯೇ ಮುಗಿಸೋಣ ಎಂದು ಹೇಳಿ ಗಾಡಿ ಹತ್ತಿದರು.

ಗಾಡಿಯ ಧೂಳು ಅಡಗುವ ಮೊದಲೇ ಸಕೀನಾ ಹೊರಗೆ ಬಂದಳು. ಅವಳು ಎಂದೂ ದನಿ ಏರಿಸುವವಳಲ್ಲ, ಅದಕ್ಕೇ ಮುನಾಫ ಅವಳಿಗೆ ಹೆದರುತ್ತಿದ್ದ.

"ಅಲ್ಲಿ ಅವರು ಎದುರಿಗೆ ಬಂದ್ರ ಸುಮ್ಮನ ಸೋತು ಬರ್ರಿ," ಎಂದಳು. "ಬೀಗರನ್ನ ನಾಕ ಮಂದಿ ಮುಂದ ಸೋಲಿಸಿ ಬಂದ್ರ ಮಗಳಿಗೆ ನೀವ ಉತ್ತರ ಹೇಳ್ರಿ."

ಸೋಲುವುದೇನು ಮಹಾ ವಿದ್ಯೆ ಎಂದು ಮುನಾಫ ನಕ್ಕ. ಆಮೇಲೆ ಕೂತು ಯೋಚಿಸಿದಾಗ ತನಗೆ ಆ ವಿದ್ಯೆ ಬರುವುದಿಲ್ಲ ಎಂದು ಗೊತ್ತಾಯಿತು. ಪೂರ್ತಿ ಮುಗಿದ ಆಟವನ್ನೇ ಕಾಣದವನು ಸೋಲನ್ನು ಎಲ್ಲಿ ಕಲಿತಾನು? ಅದೂ ಬೇಕೆಂದೇ ಸೋತದ್ದು ಎಂದು ಮಾಸ್ತರರಿಗೆ ಗೊತ್ತಾಗಬಾರದು. ಅವನು ರಸ್ತೆ ದಾಟಿ ಗಿರಣಿಗೆ ಹೋಗಿ ಈರಯ್ಯನ ಮುಂದೆ ಸಮಸ್ಯೆ ಇಟ್ಟ.

ಈರಯ್ಯ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವನು. ಬೀಗತನದಲ್ಲಿ ಅವನ ಅನುಭವಕ್ಕೆ ಸರಿಗಟ್ಟುವವರು ನಮ್ಮ ಬಜಾರಿನಲ್ಲಿ ಇಲ್ಲ. ಜೋಳದ ಹಿಟ್ಟನ್ನು ಮೈಯಿಂದ ಕೊಡವಿಕೊಂಡು ಶಾಸ್ತ್ರ ಹೇಳಿದ.

"ಹೆಣ್ಣಿನ ಕಡಿಯವರು ಬೀಗರಿಗೆ ಎದುರಾ ಎದುರ ನಿಂದರಬಾರದು. ಹಾದ್ಯಾಗ ಅವರು ಬಂದ್ರ ನಾವು ಬಾಜೂಕ ಸರೀಬೇಕು. ಆಟದಾಗೂ ಹಂಗ ಮಾಡು. ಮುಂದಿನ ಸಾಲಿನ ನಡುವಿನ ಪ್ಯಾದಿ ಮುಟ್ಟಬ್ಯಾಡ. ಬಾಜೂದಾಗಿಂದ ಒಂದೊಂದ ಮನಿ ಸರಿಸಿಕೋತ ಕೂಡು. ಅವರು ನಡುವ ಹಾದು ಬಂದು ನಿನ್ನ ರಾಜಾನ್ನ ಹಿಡೀತಾರ, ನೀ ಸಲಾಂ ಮಾಡಿ ಎದ್ದು ಬಾ."

ಇಷ್ಟು ಸುಲಭದ ಉಪಾಯ ತನಗೇಕೆ ಹೊಳೆಯಲಿಲ್ಲ ಎಂದು ಮುನಾಫನಿಗೆ ಆಶ್ಚರ್ಯವಾಯಿತು.

ರವಿವಾರ ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಮಂಗಲ ಕಾರ್ಯಾಲಯದಲ್ಲಿ ಪಂದ್ಯಾವಳಿ. ಊರ ಮಾನದ ಪ್ರಶ್ನೆ ಎಂದು ನಾನೂ ಈರಯ್ಯನೂ ಜೊತೆಗೆ ಹೋದೆವು; ಆ ದಿನ ತಿಕೋಟಾದಲ್ಲಿ ಕರೆಂಟ್ ಇರಲಿಲ್ಲವೆಂಬುದು ಬೇರೆ ಮಾತು. ಮುನಾಫ ತಾನೇ ಹೊಲಿದ ಸಫಾರಿ ಹಾಕಿದ್ದ. ಒಳಗೆ ಹೋಗಿ ನೋಡಿದರೆ ಸಾಲು ಸಾಲು ಮೇಜುಗಳಿಗೆ ಮಕ್ಕಳು ಕೂತಿದ್ದರು. ಯಾರದೋ ಮುಂಜಿಗೆ ತಪ್ಪಿ ಬಂದಿದ್ದೇವೆಯೇ ಎಂದು ಅನುಮಾನವಾಗಿ ಈರಯ್ಯ ಹೊರಗೆ ಹೋಗಿ ಬ್ಯಾನರ್ ಓದಿ ಬಂದ. ಗೋಡೆಯ ಬದಿಯ ಕುರ್ಚಿಗಳಲ್ಲಿ ಸಕೀನಾ ಮತ್ತು ಶಾಹೀನ ಅಕ್ಕಪಕ್ಕ ಕೂತು ಆಗಲೇ ಉಪ್ಪಿನಕಾಯಿಯ ವಿಷಯ ತೆಗೆದಿದ್ದರು.

ಮೊದಲ ಸುತ್ತಿನಲ್ಲಿ ಮುನಾಫನ ಎದುರು ಎರಡು ಜಡೆಯ ಒಂದು ಹುಡುಗಿ ಬಂದಳು. ಅವಳು ಒಂದು ಕಾಯಿ ನಡೆಸಿ, ನೀರಿನ ಬಾಟಲಿ ತೆರೆದು, ಛಾವಣಿ ನೋಡುತ್ತ ಕೂರುತ್ತಿದ್ದಳು. ಬಾಟಲಿಯ ನೀರು ಅರ್ಧವಾಗುವ ಮೊದಲು ಮುನಾಫ ಸೋತಿದ್ದ. ಬೀಗರು ಎದುರಿಲ್ಲದಿರುವಾಗ ಸೋಲು ಇಷ್ಟು ಸಲೀಸಾಗಿ ಬಂದದ್ದು ಅವನಿಗೆ ಸರಿ ಕಾಣಲಿಲ್ಲ. ಎರಡನೆಯ ಸುತ್ತಿನಲ್ಲಿ ಕುದುರೆ ಮುಟ್ಟಿ, ಮನಸ್ಸು ಬದಲಿಸಿ ಆನೆಗೆ ಕೈ ಹಾಕಿದ. ಮುಟ್ಟಿದ ಕಾಯಿಯನ್ನೇ ಆಡಬೇಕು ಎಂದು ಪಂದ್ಯದ ತೀರ್ಪು ನೋಡುವ ಪಂಚರು ಬಂದು ಹೇಳಿದರು. ತಿಕೋಟಾದಲ್ಲಿ ಹಾಗಿಲ್ಲ ಎಂದು ಮುನಾಫ ವಿನಯದಿಂದ ತಿಳಿಸಿದ. ಅವರು ಅಷ್ಟೇ ವಿನಯದಿಂದ ಕುದುರೆಯನ್ನು ತೋರಿಸಿದರು.

ಆಚೆ ಸಾಲಿನಲ್ಲಿ ಬುಡ್ಡೇಸಾಬರ ಕಥೆ ಇದಕ್ಕಿಂತ ಬೇರೆಯಾಗಿರಲಿಲ್ಲ. ಯಾವ ಮಗು ಎದುರು ಕೂತರೂ ಅವರಿಗೆ ಒಂದು ಕುದುರೆಯನ್ನೋ ಪ್ಯಾದೆಯನ್ನೋ ಪುಕ್ಕಟೆ ಕೊಡುತ್ತಿತ್ತು. ಅವರು ಸಂತೋಷದಿಂದ ತೆಗೆದುಕೊಳ್ಳುತ್ತಿದ್ದರು, ಮರುಗಳಿಗೆಯೇ ಅವರ ಎಲ್ಲಕ್ಕಿಂತ ಬಲದ ಕಾಯಿಯಾದ ವಜೀರ ಹೋಗುತ್ತಿತ್ತು. ಊಟದ ಹೊತ್ತಿಗೆ ಅವರು ಒಂದು ಪಾಠ ಕಲಿತಿದ್ದರು. ಈ ಊರಿನಲ್ಲಿ ಯಾರಾದರೂ ಏನಾದರೂ ಕೊಟ್ಟರೆ ತೆಗೆದುಕೊಳ್ಳಬಾರದು.

ಊಟದ ಪಂಕ್ತಿಯಲ್ಲಿ ಬೀಗರಿಬ್ಬರೂ ಭೇಟಿಯಾದರು. ಹೇಗೆ ನಡೆದಿದೆ ಎಂದು ಅವರು ಕೇಳಿದರು, ದೇವರ ದಯೆ ಎಂದು ಇವನೆಂದ. ನಿಮ್ಮದು ಎಂದು ಇವನು ಕೇಳಿದ, ಹುಡುಗರು ಪಾಪ ಏನು ಮಾಡಿಯಾರು ಎಂದು ಅವರೆಂದರು. ಈ ವ್ಯವಹಾರ ಹೀಗೇ ಮರ್ಯಾದೆಯಿಂದ ಮುಗಿಯಬೇಕಿತ್ತು. ಆದರೆ ಇಂಥ ಪಂದ್ಯಾವಳಿಗಳಲ್ಲಿ ಗೆದ್ದವರಿಗೆ ಗೆದ್ದವರನ್ನು, ಸೋತವರಿಗೆ ಸೋತವರನ್ನು ಜೋಡಿ ಮಾಡುವ ಪದ್ಧತಿ ಇದೆ. ಕೊನೆಯ ಸುತ್ತಿಗೆ ಗೋಡೆಯ ಮೇಲೆ ಹಚ್ಚಿದ ಹಾಳೆಯಲ್ಲಿ ಎಲ್ಲಕ್ಕಿಂತ ಕೆಳಗೆ, ಎಲ್ಲ ಆಟ ಸೋತ ಇಬ್ಬರ ಹೆಸರು ಒಂದೇ ಸಾಲಿನಲ್ಲಿದ್ದವು. ಇಬ್ಬರೂ ಅದರ ಮುಂದೆ ಬಹಳ ಹೊತ್ತು ನಿಂತರು. ಕಂಪ್ಯೂಟರಿನದೇನೋ ತಪ್ಪಾಗಿರಬೇಕು ಎಂದು ಬುಡ್ಡೇಸಾಬರು ಹೇಳಿದರು. ಮುನಾಫ ಕೂಡಲೇ ಒಪ್ಪಿದ.

ಕೊನೆಯ ಮೇಜು ಕೈ ತೊಳೆಯುವ ನಲ್ಲಿಯ ಪಕ್ಕದಲ್ಲಿತ್ತು. ಬಿಳಿ ಕಾಯಿ ಮುನಾಫನ ಪಾಲಿಗೆ ಬಂದವು. ಅವನು ಎದ್ದು ಬೀಗರಿಗೆ ಸಲಾಂ ಮಾಡಿ, ಕೂತು, ಎಡಗಡೆ ತುದಿಯಿಂದ ಎರಡನೆಯ ಪ್ಯಾದೆಯನ್ನು ಒಂದೇ ಮನೆ ಮುಂದಕ್ಕೆ ಸರಿಸಿದ. ಅದು ಬಿಟ್ಟ ಜಾಗದಲ್ಲಿ ಒಂಟೆಯನ್ನು ತಂದು, ಮದುವೆಮನೆಯಲ್ಲಿ ಬಡ ಸಂಬಂಧಿಯನ್ನು ಮೂಲೆಯಲ್ಲಿ ಕೂರಿಸಿದ ಹಾಗೆ ಕೂರಿಸಿದ. ಆಮೇಲೆ ಬಲಗಡೆಯ ಪ್ಯಾದೆ, ಆಮೇಲೆ ಮತ್ತೆ ಎಡಗಡೆಯದು. ನಡುವಿನ ಬಯಲು ಬೀಗರ ಸವಾರಿಗೆಂದು ಖಾಲಿ ಇತ್ತು. ಆದರೆ ಬೀಗರು ಬೆಳಗಿನಿಂದ ಪೆಟ್ಟು ತಿಂದವರು. ಖಾಲಿ ಜಾಗ ಕಂಡರೆ ಇದರಲ್ಲೂ ಏನೋ ಇದೆ ಎಂದು ಹೆದರಿ, ರಾಜನನ್ನು ಕೋಟೆಯಲ್ಲಿಟ್ಟು, ತಮ್ಮ ಕಾಯಿಗಳನ್ನೂ ಒಂದೊಂದೇ ಮನೆ ಸರಿಸುತ್ತ ಕೂತರು. ಬಹಳ ಹೊತ್ತಾದರೂ ಒಂದು ಪ್ಯಾದೆಯೂ ಸಾಯಲಿಲ್ಲ.

ಉಳಿದ ಮೇಜುಗಳ ಆಟ ಮುಗಿದವು. ಮಕ್ಕಳಿಗೆ ಚೆಸ್ ಕಲಿಸುವ ಮುತ್ತು ಸರ್ ಎಂಬ ತರುಣರು ಕೈ ತೊಳೆಯಲು ಬಂದವರು ಹಾಗೇ ನಿಂತರು. ಹಲಗೆಯನ್ನು ನೋಡಿದರು, ಮುನಾಫನ ಮುಖವನ್ನು ನೋಡಿದರು. ಆ ಮುಖದಲ್ಲಿ ಅಪಾರ ಚಿಂತೆ ಇತ್ತು. ಅವರು ತಮ್ಮ ಶಿಷ್ಯರನ್ನೆಲ್ಲ ಕರೆದು ಮೇಜಿನ ಸುತ್ತ ನಿಲ್ಲಿಸಿ ಪಿಸುದನಿಯಲ್ಲಿ ವಿವರಿಸತೊಡಗಿದರು.

"ಇದಕ್ಕ ಫ್ಲ್ಯಾಂಕ್ ಓಪನಿಂಗ್ ಅಂತಾರ. ನಡುವಿನ ಜಾಗಾ ಬೇಕಂತನ ಬಿಟ್ಟುಕೊಡೂದು, ಬಾಜೂದಾಗಿಂದ ದೂರ ಕುಂತು ಅದನ್ನ ಕಾಯೂದು. ಇದನ್ನ ಆಡಾಕ ಭಾಳ ತಾಳ್ಮಿ ಬೇಕು. ಕಾಕಾನ ನೋಡಿ ಕಲೀರಿ."

ಈರಯ್ಯ ನನ್ನ ಪಕ್ಕೆಗೆ ತಿವಿದು, ಅದು ತಾನು ಹೇಳಿಕೊಟ್ಟದ್ದು ಎಂದ.

ಜನ ಸೇರಿದ್ದನ್ನು ಕಂಡು ಸಕೀನಾ ಉಪ್ಪಿನಕಾಯಿ ಬಿಟ್ಟು ಎದ್ದು ಬಂದಳು. ಜನ ಗಂಡನ ಕಡೆ ಮೆಚ್ಚುಗೆಯಿಂದ ನೋಡುತ್ತಿದ್ದರು. ಬೀಗರ ಬೆನ್ನ ಹಿಂದೆ ನಿಂತು ಗಂಡನನ್ನು ಒಂದು ನೋಟ ನೋಡಿದಳು. ಇನ್ನು ತಡ ಮಾಡಬಾರದೆಂದು ಮುನಾಫ ಒಂದು ಪ್ಯಾದೆಯನ್ನು ಬೀಗರ ಒಂಟೆಯ ಬಾಯಿಗೆ ಕೊಟ್ಟ. ಅವರು ತೆಗೆದುಕೊಳ್ಳಲಿಲ್ಲ. ಕುದುರೆಯನ್ನು ಕೊಟ್ಟ. ಅವರು ಕನ್ನಡಕ ಒರೆಸಿ ನೋಡಿ ಪಕ್ಕದ ಪ್ಯಾದೆ ಸರಿಸಿದರು. ಆನೆಯನ್ನೇ ತಂದು ಎದುರಿಗಿಟ್ಟ. ಇದು ಬಲಿದಾನ, ಇಂಥದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ ಎಂದು ಮುತ್ತು ಸರ್ ಉಸುರಿದರು. ಅದನ್ನು ಕೇಳಿದ ಬುಡ್ಡೇಸಾಬರು ಆನೆಯ ಕಡೆಗೆ ಹೊರಟಿದ್ದ ಕೈಯನ್ನು ಹಿಂದೆ ತೆಗೆದುಕೊಂಡರು. ಊಟಕ್ಕೆ ಕೂತ ಬೀಗರು ಬೇಡ ಬೇಡವೆಂದರೂ ಬಡಿಸುವುದು ನಮ್ಮಲ್ಲಿ ಪದ್ಧತಿ. ಮುನಾಫನಿಗೂ ಬೇರೆ ದಾರಿ ತೋಚಲಿಲ್ಲ. ತನ್ನ ವಜೀರನನ್ನು ಎತ್ತಿ, ಬೀಗರ ರಾಜನ ಮೂಗಿನ ಮುಂದಿನ ಖಾಲಿ ಮನೆಯಲ್ಲಿ ಇಟ್ಟುಬಿಟ್ಟ. ರಾಜ ಕೈಚಾಚಿದರೆ ಸಾಕು, ತೆಗೆದುಕೊಳ್ಳಬಹುದು.

ಪಂಚರು ಬಂದು ಹಲಗೆಯ ಮೇಲೆ ಬಾಗಿ ನೋಡಿ, ಮುನಾಫನ ಕೈ ಕುಲುಕಿ, ಶಹಮಾತ್, ನೀವೇ ಗೆದ್ದಿರಿ ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು.

"ಹಂಗ್ಯಾಕ ಆಗತೈತ್ರಿ? ಅವರ ರಾಜಾ ವಜೀರನ್ನ ತಗೋತಾನಲ್ಲ," ಎಂದು ಮುನಾಫ ಗಾಬರಿಯಿಂದ ಕೇಳಿದ.

"ಹ್ಯಾಂಗ ತಗೋತಾನ್ರಿ," ಎಂದರು ಪಂಚರು. "ಅಲ್ಲಿಂದ ನಿಮ್ಮ ಒಂಟಿ ಕಾಯಾಕತ್ತೈತಲ್ಲ."

ಮುನಾಫ ತಿರುಗಿ ನೋಡಿದ. ಬಡ ಸಂಬಂಧಿಯಂತೆ ಮೂಲೆಯಲ್ಲಿ ಕೂರಿಸಿ ತಾನು ಮರೆತೇಬಿಟ್ಟಿದ್ದ ಒಂಟೆ ಅಲ್ಲಿಂದ ಓರೆಯಾಗಿ, ಮರ್ಯಾದೆಗೆಂದು ಖಾಲಿ ಬಿಟ್ಟ ನಡುಬಯಲನ್ನು ಹಾದು, ನೇರ ಬೀಗರ ರಾಜನ ಮೂಗಿನ ಮುಂದಿನ ಆ ಮನೆಯನ್ನೇ ದಿಟ್ಟಿಸುತ್ತಿತ್ತು.

ಆ ಆಟದ ಗುಟ್ಟನ್ನು ಮಕ್ಕಳಿಗೆ ನಾಲ್ಕು ಮಾತಿನಲ್ಲಿ ಹೇಳಬೇಕೆಂದು ಮುತ್ತು ಸರ್ ಕೈ ಮುಗಿದು ಕೇಳಿದರು. ಮುನಾಫನ ಸ್ಥಿತಿ ಯಾರಿಗೂ ಬೇಡ. ಸೋಲಲು ಬಂದಿದ್ದೆ ಎಂದರೆ ಬೀಗರಿಗೆ ಅವಮಾನ, ಗೆಲ್ಲಲು ಬಂದಿದ್ದೆ ಎಂದರೆ ಅದಕ್ಕಿಂತ ಹೆಚ್ಚು ಅವಮಾನ. ಅವನು ಸುಮ್ಮನೆ ನಿಂತ. ದೊಡ್ಡವರದು ಹೀಗೇ, ಮಾತು ಕಡಿಮೆ ಎಂದು ಮುತ್ತು ಸರ್ ಮಕ್ಕಳಿಗೆ ಹೇಳಿದರು. ಬುಡ್ಡೇಸಾಬರು ಕನ್ನಡಕ ಮಡಚಿ ಕಿಸೆಯಲ್ಲಿಟ್ಟು, ಚಹಾ ಕೂಡ ಕುಡಿಯದೆ, ಸಂಬಂಧದ ಮಾತನ್ನೂ ಎತ್ತದೆ, ಶಾಹೀನಳನ್ನು ಕರೆದುಕೊಂಡು ಹೊರಟುಹೋದರು.

ಆ ವಾರ ಊರಿನಲ್ಲಿ ಮುನಾಫನಿಗೆ ಆದ ಸನ್ಮಾನ ಅಷ್ಟಿಷ್ಟಲ್ಲ. ತಿಕೋಟಾ ಓಪನಿಂಗ್ ಎಂದು ಹೆಸರಿಟ್ಟು ಯಾರೋ ಅವನ ಫೋಟೋವನ್ನು ಮೊಬೈಲಿನಲ್ಲಿ ಹಂಚಿದರು. ಬಟ್ಟೆ ಕೊಟ್ಟವರು ಬಂದು, ಅವಸರವಿಲ್ಲ, ನೀವು ಆಟ ನೋಡಿಕೊಳ್ಳಿ ಎಂದು ಹೋದರು. ಗಿರಣಿಗೆ ಬಂದವರಿಗೆಲ್ಲ ಈರಯ್ಯ ಹಿಟ್ಟಿನ ಜೊತೆ ಆ ಓಪನಿಂಗಿನ ಜನ್ಮವೃತ್ತಾಂತವನ್ನೂ ಕಟ್ಟಿಕೊಟ್ಟ. ಮನೆಯಲ್ಲಿ ಮಾತ್ರ ಸಕೀನಾ ರೊಟ್ಟಿಯನ್ನು ತಟ್ಟೆಗೆ ಹಾಕಿ ಒಂದು ಮಾತೂ ಆಡದೆ ಹೋಗುತ್ತಿದ್ದಳು. ಬಬಲೇಶ್ವರದಿಂದ ಫೋನೂ ಇಲ್ಲ, ಪತ್ತೆಯೂ ಇಲ್ಲ. ಒಂದು ಸಂಜೆ ತಬಸ್ಸುಮ ಬಂದು ತಂದೆಯ ಪಕ್ಕದಲ್ಲಿ ಕೂತು, ಕೋಪವಿಲ್ಲದೆ ಕೇಳಿದಳು.

"ಅಬ್ಬಾ, ಆ ಒಂಟಿ ನಿಮಗ ಕಾಣಲೇ ಇಲ್ಲೇನು?"

ಇಲ್ಲ ಎಂದ ಮುನಾಫ. ಅವನಿಗೆ ಅಳು ಬಂತು. ಮಗಳು ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ನಮಾಜು ಮುಗಿಸಿ ಬಂದು ಮುನಾಫ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಬಬಲೇಶ್ವರದ ಕಡೆಯಿಂದ ಬಂದ ಒಂದು ಜೀಪಿನಿಂದ ಬುಡ್ಡೇಸಾಬರು ಇಳಿದರು, ಹಿಂದೆ ಶಾಹೀನ. ಶಾಹೀನ ಯಾರನ್ನೂ ಕೇಳದೆ ನೇರ ಒಳಮನೆಗೆ ಹೋದಳು. ಬುಡ್ಡೇಸಾಬರು ಕತ್ತರಿ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತು, ಹಲಗೆಯನ್ನು ತಮ್ಮ ಕಡೆ ಎಳೆದುಕೊಂಡರು. ಸಂಬಂಧ ಮುರಿದ ಸುದ್ದಿಯನ್ನು ಎದುರಿಗೇ ಹೇಳಲು ಬಂದಿದ್ದಾರೆ ಎಂದು ಮುನಾಫ ತಿಳಿದ. ನಾನೂ ಈರಯ್ಯನೂ ಬಟ್ಟೆಗಂಟಿನ ಹಿಂದೆ ಸರಿದು ನಿಂತೆವು.

"ಬೀಗರ, ನಾ ಐದ ದಿನ ವಿಚಾರ ಮಾಡೇನಿ," ಎಂದರು ಮಾಸ್ತರರು. "ಮನ್ಯಾಗ ಮಗಾ ನನಗ ಸೋಲ್ತಾನ. ಸಾಲ್ಯಾಗ ಮಾಸ್ತರ ಮಂದಿ ಸೋಲ್ತಿದ್ರು. ಎಲ್ಲಾರೂ ಮರ್ಯಾದಿಗೆ ಸೋತಾರ ಅಂತ ಆ ಸಣ್ಣ ಸಣ್ಣ ಕೂಸುಗಳು ನನಗ ತಿಳಿಸಿದುವು. ಇಷ್ಟ ವರ್ಷ ನನ್ನ ಜೋಡಿ ಯಾರೂ ಆಡೇ ಇಲ್ಲ. ಬಂಧು ಆಗೋ ಮನಷಾ ಅಂತ ತಿಳಿದೂ ಖರೇ ಆಟ ಆಡಿದವರು ನೀವೊಬ್ಬರ."

ಮುನಾಫ ಸತ್ಯ ಹೇಳಲು ಬಾಯಿ ತೆರೆದ. ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಸಕೀನಾ ಜೋರಾಗಿ ಕೆಮ್ಮಿದಳು. ಅವನು ಬಾಯಿ ಮುಚ್ಚಿದ.

ಇನ್ನೊಂದು ಆಟ ಆಡೋಣ ಎಂದರು ಬುಡ್ಡೇಸಾಬರು. ಆದರೆ ಒಂದು ಮಾತು. ಬೀಗರೆಂದು ಎಲ್ಲಿಯಾದರೂ ಕೈ ಬಿಟ್ಟು ಆಡಿದ್ದು ಕಂಡರೆ ತಾವು ಎದ್ದು ಹೋಗುವವರೇ, ಸಂಬಂಧದ ಮಾತೂ ಅಲ್ಲಿಗೇ ಮುಗಿಯಿತು. ಮರ್ಯಾದೆಯ ಮನುಷ್ಯರು ತಮ್ಮ ಮನೆಯಲ್ಲಿ ಬೇಕಾದಷ್ಟಿದ್ದಾರೆ.

ಮುನಾಫ ಈಗ ಗೆಲ್ಲಲೇಬೇಕಾಯಿತು. ಅವನು ತನ್ನ ಬುದ್ಧಿಯನ್ನೆಲ್ಲ ಒಟ್ಟುಗೂಡಿಸಿ ಆಡಿದ. ತಲೆ ಕೆರೆದ, ಗಡ್ಡ ಕೆರೆದ, ಒಮ್ಮೆ ಕತ್ತರಿಯಿಂದ ಬೆನ್ನನ್ನೂ ಕೆರೆದುಕೊಂಡ. ಅವನು ಬೀಗರ ಒಂದು ಕಾಯಿ ಹೊಡೆದರೆ ಅವರು ಎರಡು ಹೊಡೆದರು. ಕೊನೆಗೆ ಮಾಸ್ತರರ ಆನೆ ಸರಸರನೆ ಬಂದು ಮುನಾಫನ ರಾಜನನ್ನು ಗೋಡೆಗೆ ಒತ್ತಿ ಹಿಡಿಯಿತು. ಆಟ ಮುಗಿದಿತ್ತು.

ಬುಡ್ಡೇಸಾಬರ ಮುಖ ಕಪ್ಪಾಯಿತು. ಅವರು ನಿಧಾನವಾಗಿ ಟೋಪಿ ಸರಿಪಡಿಸಿಕೊಂಡು ಎದ್ದು ನಿಂತರು.

"ಅಂತೂ ನೀವೂ ಮರ್ಯಾದಿ ಮಾಡಿದ್ರಿ," ಎಂದರು.

ಇಲ್ಲ, ನಾನು ನಿಜವಾಗಿಯೂ ಸೋತಿದ್ದೇನೆ ಎಂದು ಮುನಾಫ ಕಾಲು ಹಿಡಿಯಬೇಕಿತ್ತು. ಆದರೆ ಅವನ ಕಿವಿಗೆ ಆ ಮಾತು ಬಿದ್ದೇ ಇರಲಿಲ್ಲ. ಕಣ್ಣು ಹಲಗೆಯ ಮೇಲೆಯೇ ನೆಟ್ಟಿತ್ತು, ಕಿವಿ ಕೆಂಪಾಗಿತ್ತು.

"ಕೂಡ್ರಿ ಕೆಳಗ," ಎಂದ. "ಆ ಆನಿ ತಿರುಗಿ ಇಡ್ರಿ. ನೀವು ಎರಡ ಸಲ ಆಡೀರಿ."

ಒಳಗಿದ್ದ ಸಕೀನಾ ಎರಡನೆಯ ಚಹಾದ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಓಡಿ ಬಂದಳು. ಬುಡ್ಡೇಸಾಬರು ಎರಡು ಸಲ ಆಡಿರಲಿಲ್ಲ, ಅದನ್ನು ನಾನೇ ನೋಡಿದ್ದೆ.

"ನಾ ಮೋಸ ಮಾಡೇನಂತೀರಿ?" ಎಂದು ಮಾಸ್ತರರು ತಗ್ಗಿದ ದನಿಯಲ್ಲಿ ಕೇಳಿದರು. ಆ ದನಿಗೆ ಜೈನಾಪುರದ ಸಾಲೆಯಲ್ಲಿ ಫ್ಯಾನುಗಳೂ ಹೆದರುತ್ತಿದ್ದವಂತೆ.

"ಮಾಡೀರಿ. ನಾ ಚಹಾದ ಕಡೆ ನೋಡಿದಾಗ ಮಾಡೀರಿ. ಹೆಡ್ ಮಾಸ್ತರ ಆದ್ರ ನಿಮ್ಮ ಸಾಲ್ಯಾಗ. ಇದು ನನ್ನ ಅಂಗಡಿ."

ಬುಡ್ಡೇಸಾಬರು ಮುನಾಫನ ಕೆಂಪು ಕಿವಿಯನ್ನು ನೋಡಿದರು, ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದ ಕೈಯನ್ನು ನೋಡಿದರು. ಅವರ ಮುಖದ ಗಂಟುಗಳು ಒಂದೊಂದಾಗಿ ಸಡಿಲಿದವು. ಸ್ಟೂಲಿನ ಮೇಲೆ ಮತ್ತೆ ಕೂತಾಗ ಕಣ್ಣಲ್ಲಿ ನೀರಿತ್ತು.

"ಮರ್ಯಾದಿಗೆ ಸೋಲೋ ಮಂದಿನ ಭಾಳ ನೋಡೇನಿ," ಎಂದರು. "ಮರ್ಯಾದಿಗೆ ಜಗಳ ತಗಿಯೋ ಮನಷಾನ್ನ ಎಲ್ಲೂ ನೋಡಿಲ್ಲ. ಅಂದ್ರ ನಾ ಖರೇನ ಗೆದ್ದೇನಿ." ಮತ್ತೆ ಒಳಗೆ ತಿರುಗಿ, ಹೆಂಡತಿಗೆ ಕೂಗಿ ಹೇಳಿದರು. "ಶಾಹೀನಾ, ಮದವಿ ತಾರೀಖು ಕೇಳಬೇ."

"ಕೇಳಿ, ಇಟ್ಟು, ಸಕ್ಕರಿ ತಿಂದೂ ಆತು," ಎಂದು ಶಾಹೀನ ಒಳಗಿನಿಂದಲೇ ಹೇಳಿದಳು. "ನಿಮ್ಮ ಆಟ ಮುಗಿಯೂದನ್ನ ಕಾದ್ರ ಹುಡುಗರು ಮುದುಕರಾಗತಾರ."

ಸಕೀನಾ ತಟ್ಟೆಯನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ತಬಸ್ಸುಮ ನಕ್ಕದ್ದು ಹೊರಗೆ ಕೇಳಿಸಿತು. ಈರಯ್ಯ ಬಟ್ಟೆಗಂಟಿನ ಹಿಂದಿನಿಂದ ಬಂದು ಬೀಗರಿಬ್ಬರ ಕೈ ಹಿಡಿದು ಶುಭ ಹಾರೈಸಿದ. ಬುಡ್ಡೇಸಾಬರು ಮುನಾಫನ ಭುಜದ ಮೇಲೆ ಕೈ ಇಟ್ಟು, ಇನ್ನೇನು, ಬೀಗರಾದೆವಲ್ಲ, ಬನ್ನಿ ಅಪ್ಪಿಕೊಳ್ಳೋಣ ಎಂದರು.

"ಅದೆಲ್ಲಾ ಆಮ್ಯಾಲರಿ," ಎಂದ ಮುನಾಫ, ಹಲಗೆಯಿಂದ ಕಣ್ಣೆತ್ತದೆ. "ಮೊದಲ ಆ ಆನಿ ತಿರುಗಿ ಇಡ್ರಿ."